ಆಮೋಸ್ ಹೇಳದ ಕತೆ

ಇವತ್ತು ಸಂಜೆ ಏಳೂವರೆಗೆ ಎಲ್ಲರೆದುರು ನಿಜ ಹೇಳಿಬಿಡಬೇಕು ಎಂದು ತೀರ್ಮಾನಿಸಿದ ಮೇಲೂ ಡುವೇನ್ ಹಾಲ್ವರ್ಸನ್ ಬೆಳಗಿನ ಕೆಲಸವನ್ನು ಎಂದಿನ ಕ್ರಮದಲ್ಲೇ ಮಾಡಿದ. ಶನಿವಾರವೆಂದರೆ ಒಂದು ತಂಡ ಡೇರೆ ಕಿತ್ತು ಹೊರಡುವ, ಇನ್ನೊಂದು ತಂಡ ಬಂದು ಇಳಿಯುವ ದಿನ. ಹೊರಟವರ ಬೆಂಕಿಗುಂಡಿಗಳ ಬೂದಿ ಬಳಿದು ಬಕೆಟ್ಟಿಗೆ ತುಂಬಬೇಕು; ಕರಗಿ ಗಟ್ಟಿಯಾದ ಅಲ್ಯೂಮಿನಿಯಂ ಹಾಳೆ, ಬಿಯರ್ ಬಾಟಲಿಯ ಮುಚ್ಚಳ, ಅರ್ಧ ಸುಟ್ಟ ಸಾಸೇಜು ಇವನ್ನೆಲ್ಲ ಬೇರೆ ಚೀಲಕ್ಕೆ ಹಾಕಬೇಕು. ಎಪ್ಪತ್ತಾರು ವರ್ಷದ ಮಂಡಿ. ಬಗ್ಗಿದರೆ ಏಳಲು ಸಲಿಕೆಯ ಹಿಡಿ ಊರಬೇಕು. ಹಾಗೆ ಊರಿ ಏಳುತ್ತಿದ್ದಾಗ ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗಿಯರು "ಹಾಯ್, ರೇಂಜರ್ ಡುವೇನ್!" ಎಂದು ಕೂಗಿದರು. ಅವನು ಕೈ ಎತ್ತಿದ. ಅವನು ಯಾವತ್ತೂ ರೇಂಜರ್ ಆಗಿರಲಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಾರ್ಗನ್ ಸರೋವರದ ಈ ಪಾರ್ಕಿಗೆ ಬೇಸಗೆಯ ಕೂಲಿಗೆಂದು ಬಂದವನು. ಆಮೇಲೆ ಮೂವತ್ತೆರಡು ವರ್ಷ ಊರಿನ ಹೈಸ್ಕೂಲಿನಲ್ಲಿ ಮರಗೆಲಸದ ಮೇಷ್ಟರು, ಬೇಸಗೆ ರಜೆಯಲ್ಲಿ ಶನಿವಾರಕ್ಕೊಮ್ಮೆ ಇಲ್ಲಿ ಕತೆ ಹೇಳುವವನು. ನಿವೃತ್ತಿಯಾದ ಮೇಲೆ ಹೆಂಡತಿ ಲಾವಾನ್ ಜೊತೆ ಮೇ ತಿಂಗಳಿಂದ ಅಕ್ಟೋಬರ್ ತನಕ ಡೇರೆ ಜಾಗಗಳ ಪೈಕಿ ಒಂದನೆಯದರಲ್ಲಿ ಗಾಲಿಮನೆಯಂಥ ಟ್ರೇಲರ್ ನಿಲ್ಲಿಸಿಕೊಂಡು ಸಂಬಳವಿಲ್ಲದ ಉಸ್ತುವಾರಿ. ತಲೆಯ ಮೇಲಿನ ಕಂದು ಟೋಪಿಯನ್ನು ಅವನೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡದ್ದು. ಈ ವಿವರಗಳನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಕೇಳದಿದ್ದಾಗ ಹೇಳದಿರುವುದು ಸುಳ್ಳಲ್ಲ ಎಂಬ ಸಮಾಧಾನದಲ್ಲಿ ಅವನ ಬದುಕಿನ ಬಹುಪಾಲು ಕಳೆದಿತ್ತು.

ಹನ್ನೆರಡನೇ ಜಾಗದವರು ಊರಿಂದ ಸೌದೆ ತಂದು, ಉಳಿದದ್ದನ್ನು ಪೊದೆಯಲ್ಲಿ ಅಡಗಿಸಿಟ್ಟು ಹೋಗಿದ್ದರು. ಹೊರಗಿನ ಸೌದೆ ತರಬಾರದೆಂದು ಬಾಗಿಲಲ್ಲೇ ಫಲಕವಿದೆ. ಆಶ್ ಮರ ಕೊರೆಯುವ ಹುಳು ಬರುವುದೇ ಹಾಗೆ. ತುಂಡುಗಳನ್ನು ಎಳೆದು ಹಾಕುವಾಗ ಅವು ಆಶ್ ಮರದವೇ ಎಂದು ತೊಗಟೆಯಿಂದ ತಿಳಿಯಿತು. ಆಮೋಸ್ ಸ್ವಾನ್ ಇದೇ ಮರದ ಕಪ್ಪು ಜಾತಿಯ ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಗಂಟೆಗಟ್ಟಲೆ ಬಡಿಯುತ್ತಿದ್ದ. ಬಡಿದಷ್ಟೂ ಮರ ಪದರ ಪದರವಾಗಿ, ಒಂದೊಂದು ವರ್ಷದ ಬೆಳವಣಿಗೆ ಒಂದೊಂದು ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಆ ಪಟ್ಟಿಗಳಿಂದ ಬುಟ್ಟಿ. ಪಾರ್ಕಿನ ಬಾಗಿಲ ಬಳಿ ಕ್ಯಾನ್ವಾಸಿನ ನೆರಳಲ್ಲಿ ಅವನ ಅಂಗಡಿ. ಹೋ-ಚಂಕ್ ಎಂಬ ಮೂಲನಿವಾಸಿ ಪಂಗಡದವನು, ಅರವತ್ತರ ಆಸುಪಾಸು, ಮಾತು ಕಡಿಮೆ. ೧೯೬೮ರ ಜುಲೈ ತಿಂಗಳ ಒಂದು ಶನಿವಾರ, ಸಂಜೆ ತೋರಿಸಬೇಕಿದ್ದ ಮೀನುಗಳ ಫಿಲ್ಮಿಗೆ ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಯಿತು. ಆಗಿನ ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ಬಂದು, "ನೀನು ಕಾಲೇಜು ಓದಿದೋನು ತಾನೇ? ಏನಾದ್ರೂ ಹೇಳು. ಇಪ್ಪತ್ತು ನಿಮಿಷ. ರೆಡ್ ಇಂಡಿಯನ್ನರ ಕತೆ ಇದ್ರೆ ಇನ್ನೂ ಒಳ್ಳೇದು" ಎಂದಿದ್ದ. ಡುವೇನ್ ಐದು ಗಂಟೆಗೆ ಆಮೋಸನ ಮುಂದೆ ಕುಕ್ಕರಗಾಲಲ್ಲಿ ಕೂತು, ಸರೋವರದ ಆಚೆಗಿನ ಬಂಡೆಯನ್ನು ತೋರಿಸಿ, "ಅಲ್ಲಿ ಏನಾದ್ರೂ ನಡೆದಿತ್ತಾ?" ಎಂದು ಕೇಳಿದ. ಆಮೋಸ್ ಹೆಣೆಯುತ್ತಲೇ ಒಂದು ವಾಕ್ಯ ಹೇಳಿದ. ಅದರಲ್ಲಿ ಹುಡುಗಿ ಇರಲಿಲ್ಲ, ಪ್ರೀತಿ ಇರಲಿಲ್ಲ. ಮುಂದೇನಾಯಿತು ಎಂದು ಡುವೇನ್ ಕೇಳಲಿಲ್ಲ, ಅವನಿಗೆ ಹೊತ್ತಾಗಿತ್ತು.

ಅವತ್ತು ಏಳೂವರೆಗೆ ಎಪ್ಪತ್ತು ಜನರ ಮುಂದೆ, ಬೆಂಕಿಯ ಪಕ್ಕದಲ್ಲಿ, ಬಾಯಿ ತನ್ನಷ್ಟಕ್ಕೆ ತಾನು ನಡೆದಿತ್ತು. ಮುಖ್ಯಸ್ಥನ ಮಗಳು, ವೈರಿ ಪಂಗಡದ ಹುಡುಗ, ಹುಣ್ಣಿಮೆ, ಬಂಡೆಯ ಅಂಚು. ಹುಡುಗಿಗೊಂದು ಹೆಸರು ಬೇಕಾದಾಗ ಮಧ್ಯಾಹ್ನ ಉಗ್ರಾಣದಲ್ಲಿ ಜೋಡಿಸಿಟ್ಟ ಬಟಾಣಿ ಡಬ್ಬಿಗಳ ಮೇಲಿನ ಹೆಸರು ನೆನಪಾಯಿತು: ವಿನೋರಾ. ಕೊನೆಗೆ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು "ಇದು ನಿಜಾನಾ?" ಎಂದಾಗ, "ಇವತ್ತು ಸಂಜೆ ಐದು ಗಂಟೆಗೆ ಆಮೋಸ್ ಸ್ವಾನ್ ನನಗೆ ಹೇಳಿದ್ದು" ಎಂದ. ಹೊತ್ತು ಸರಿಯಾಗಿತ್ತು, ಮನುಷ್ಯ ಸರಿಯಾಗಿದ್ದ. ಮುಂದಿನ ಬೇಸಗೆಯಲ್ಲಿ ಬಂಡೆ ನಕ್ಷೆಯ ಮೇಲೆ 'ವಿನೋರಾ ಬಂಡೆ' ಆಯಿತು. ಆಮೇಲೆ ಹೆದ್ದಾರಿಯ ಐಸ್‌ಕ್ರೀಂ ಅಂಗಡಿಗೆ ಆ ಹೆಸರು, ಪ್ರವಾಸಿಗರ ದೋಣಿಗೆ ಆ ಹೆಸರು, ಮಿಲ್ವಾಕಿಯಿಂದ ಪ್ರತಿ ವರ್ಷ ಡೇರೆ ಹಾಕಲು ಬರುವ ಒಂದು ಸಂಸಾರದ ಮಗುವಿಗೂ ಆ ಹೆಸರು. ಸರೋವರದ ದಡದಲ್ಲಿ ಕರಡಿಯ ಆಕಾರದಲ್ಲಿ ಹಬ್ಬಿರುವ ಮಣ್ಣಿನ ದಿಬ್ಬ ಒಂದು ಸಾವಿರ ವರ್ಷ ಹಳೆಯದು. ಅದರ ಮುಂದೆ ನಿಂತು ಫಲಕ ಓದುವವರಿಗಿಂತ ಬಂಡೆಯ ಕಡೆ ಬೆರಳು ತೋರಿಸುವವರೇ ಹೆಚ್ಚು.

ಸೌದೆ ಕೊಟ್ಟಿಗೆಯ ಹಿಂದೆ ಬೂದಿ ಸುರಿಯಲು ಹೋದಾಗ ಡುವೇನ್ ಒಂದು ನಿಮಿಷ ಬಕೆಟ್ ಕೆಳಗಿಡದೆ ನಿಂತ. ಇಲ್ಲಿಯೇ, ಎರಡನೇ ಬೇಸಗೆಯ ಶುರುವಿನಲ್ಲಿ, ಆಮೋಸ್ ಅವನನ್ನು ಹುಡುಕಿಕೊಂಡು ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ದೂರು ಕೊಡಲು ಬಂದವನು ತಾನೇ ತಪ್ಪಿತಸ್ಥನೋ ಎಂಬಂತೆ. "ನಾನು ಹಾಗೆ ಹೇಳಿಲ್ಲ" ಎಂದ. ಅಷ್ಟೇ. ಡುವೇನ್ ನಕ್ಕು ಅವನ ಭುಜ ತಟ್ಟಿದ್ದ. "ಜನಕ್ಕೆ ಇಷ್ಟ ಆಯ್ತಲ್ಲ ಆಮೋಸ್! ಬುಟ್ಟಿನೂ ಜಾಸ್ತಿ ಹೋಗ್ತಿದೆಯಲ್ಲ!" ಅರವತ್ತು ದಾಟಿದವನ ಭುಜವನ್ನು ಇಪ್ಪತ್ತೆರಡರವನು ತಟ್ಟಿದ್ದು, ಆ ತಟ್ಟಿದ ಸದ್ದು ಈಗಲೂ ಅಂಗೈಯಲ್ಲಿದೆ. ಅದೇ ತಿಂಗಳು ಮ್ಯಾನೇಜರ್ ಅಂಚೆಯಲ್ಲಿ ಗರಿಗಳ ಕಿರೀಟವೊಂದನ್ನು ತರಿಸಿದ, ಬಯಲುಸೀಮೆಯ ಬೇರೆ ಯಾವುದೋ ಪಂಗಡದವರದ್ದರ ನಕಲು. ಬಾಗಿಲ ಬಳಿ ಬುಟ್ಟಿ ಇಡುವ ಅನುಮತಿ ಮುಂದುವರಿಯಬೇಕಾದರೆ ಶನಿವಾರ ಸಂಜೆ ಆಮೋಸ್ ಅದನ್ನು ಹಾಕಿಕೊಂಡು ಬೆಂಕಿಯ ಪಕ್ಕ ನಿಲ್ಲಬೇಕು. ಮಾತಾಡಬೇಕಿಲ್ಲ. ಮೂರು ಬೇಸಗೆ ಅವನು ನಿಂತ. ಡುವೇನ್ ಕತೆ ಹೇಳುವಾಗ ಅವನು ನೀರಿನ ಕಡೆ ನೋಡುತ್ತಿದ್ದ. ಜನ ಅದನ್ನು ದುಃಖವೆಂದು ತಿಳಿಯುತ್ತಿದ್ದರು. ಮುಗಿದ ಮೇಲೆ ಲಾವಾನ್ ಅವನಿಗೆ ಕಾಫಿ, ಎರಡು ಡೋನಟ್ ಕೊಡುತ್ತಿದ್ದಳು. ಅವಳು ಆಗ ಪಾರ್ಕಿನ ತಿಂಡಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡೋನಟ್‌ಗಳನ್ನು ಆಮೋಸ್ ತಿನ್ನುತ್ತಿರಲಿಲ್ಲ, ಕಾಗದದಲ್ಲಿ ಸುತ್ತಿ ಜೇಬಿಗಿಡುತ್ತಿದ್ದ. ಮರುವರ್ಷದ ಬೇಸಗೆಯಲ್ಲಿ ಅವನು ಬರಲಿಲ್ಲ. ಹಿಮ ಬೀಳುವ ಹೊತ್ತಿಗೆ ತೀರಿಕೊಂಡನಂತೆ ಎಂದು ಯಾರೋ ಹೇಳಿದರು. ಡುವೇನ್ ಸಾವಿಗೆ ಹೋಗಲಿಲ್ಲ. ಹಾದಿ ಗೊತ್ತಿರಲಿಲ್ಲ ಎಂಬುದು ನಿಜ. ಕೇಳಲಿಲ್ಲ ಎಂಬುದೂ ನಿಜ.

ಇದೇ ವಾರ ಬುಧವಾರ ಕೆಂಡ್ರಾ ಆಫೀಸಿನ ಮೇಜಿನ ಮೇಲೆ ಒಂದು ಫೋಟೋ ಇಟ್ಟಿದ್ದಳು. ಬಂದವರಿಗೆ ಪಾರ್ಕಿನ ಗಿಡಮರ, ಇತಿಹಾಸ ವಿವರಿಸುವ ಕೆಲಸಕ್ಕೆ ಮೇ ತಿಂಗಳಲ್ಲಿ ಸೇರಿದವಳು, ವಯಸ್ಸು ಇಪ್ಪತ್ತೊಂಬತ್ತು, ನಗುವುದು ಕಡಿಮೆ, ಟಿಪ್ಪಣಿ ಬರೆಯುವುದು ಹೆಚ್ಚು. ಬೀರುವಿನ ತಳದಲ್ಲಿ ಸಿಕ್ಕಿತು ಎಂದಳು. ಹಿಂದುಗಡೆ ೧೯೭೧ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಬೆಂಕಿ, ಗರಿಗಳ ಕಿರೀಟದ ಆಮೋಸ್, ಪಕ್ಕದಲ್ಲಿ ಕೈ ಬೀಸುತ್ತ ಬಾಯಿ ತೆರೆದ ತೆಳ್ಳಗಿನ ಯುವಕ.

"ಇದು ನೀವು ಅಲ್ವಾ?"

"ಕೂದಲಿತ್ತು ಆಗ" ಎಂದ ಡುವೇನ್. ಅವಳು ನಗಲಿಲ್ಲ.

"ಇವರು ನಮ್ಮ ಮುತ್ತಜ್ಜ. ನಮ್ಮಜ್ಜಿ ಅಲ್ವೀನಾ ಇವರ ಮಗಳು." ಬೆರಳನ್ನು ಫೋಟೋದ ಮೇಲಿಡದೆ ಅಂಚಿನಲ್ಲಿಟ್ಟಳು. "ನಮ್ಮಲ್ಲಿ ಬೇಸಗೆಯಲ್ಲಿ ಕತೆ ಹೇಳಲ್ಲ, ಡುವೇನ್. ನೆಲದ ಮೇಲೆ ಹಿಮ ಇರ್ಬೇಕು, ಹಾವು ಒಳಗೆ ಮಲಗಿರ್ಬೇಕು. ಆವಾಗ ಮಾತ್ರ. ನಿಮಗೆ ಗೊತ್ತಿತ್ತಾ?"

"ಇಲ್ಲ."

"ಐವತ್ತು ವರ್ಷದಿಂದ ಹೇಳ್ತಿದೀರಿ."

"ಐವತ್ತೈದು" ಎಂದು ತಿದ್ದಿದ, ಮೇಷ್ಟರ ಅಭ್ಯಾಸ. ತಿದ್ದಿದ ಮರುಕ್ಷಣ ಕಿವಿ ಬಿಸಿಯಾಯಿತು.

ಅವಳು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. "ಜುಲೈ ತಿಂಗಳಲ್ಲಿ ಬಿಳಿಯರಿಗೆ ಕತೆ ಮಾರ್ಕೊಂಡ ಅಂತ ನಮ್ಮೋರೆಲ್ಲ ತಿಳ್ಕೊಂಡ್ರು. ಚಳಿಗಾಲದಲ್ಲಿ ಯಾರ ಮನೇಲಾದ್ರೂ ಕತೆ ನಡೀತಿದ್ರೆ, ಇವರು ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ನಿಲ್ಲಿಸಿ, ಹಿಮ ಎಷ್ಟು ಬಿತ್ತು, ರಸ್ತೆ ಹೇಗಿದೆ ಅಂತ ಮಾತು ತೆಗೀತಿದ್ರಂತೆ. ಇವರು ಸ್ವಲ್ಪ ಹೊತ್ತು ಕೂತು ಎದ್ದು ಬರ್ತಿದ್ರಂತೆ. ನಾನು ಹೇಳಿಲ್ಲ ಅಂತ ಎಷ್ಟು ಸಲ ಹೇಳಿದ್ರೂ ಯಾರು ನಂಬ್ತಾರೆ? ಪ್ರತಿ ಶನಿವಾರ ನಿಮ್ಮ ಪಕ್ಕದಲ್ಲೇ ನಿಂತಿರ್ತಿದ್ರಲ್ಲ." ಆಮೇಲೆ ಕೇಳಿದಳು: "ಅವರು ಹೇಳಿದ್ರಾ?"

ಕಿಟಕಿಯ ಹೊರಗೆ ಯಾರೋ ದೋಣಿಯನ್ನು ಕಾರಿನ ತಲೆಯಿಂದ ಇಳಿಸುತ್ತಿದ್ದರು. "ಇಲ್ಲ" ಎಂದ ಡುವೇನ್. ಐವತ್ತೈದು ವರ್ಷ ಹೊರಲಾರದೆ ಹೊತ್ತದ್ದು ಎರಡಕ್ಷರದಲ್ಲಿ ಮುಗಿಯಿತಲ್ಲ ಎಂದು ಆಶ್ಚರ್ಯವಾಯಿತು. ಅದರ ಹಿಂದೆಯೇ, ತನ್ನ ಪ್ರಾಮಾಣಿಕತೆಯ ಬಗ್ಗೆ ಸಣ್ಣಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಕಂಡು ಅಸಹ್ಯವೂ ಆಯಿತು.

"ಅಜ್ಜಿಗೆ ಎಂಬತ್ತೈದು. ಬೇರೇನೂ ಬೇಡ ಅವರಿಗೆ. ಅದೇ ಜಾಗದಲ್ಲಿ, ಜನರ ಮುಂದೆ, ಒಂದೇ ಸಲ, ನಮ್ಮಪ್ಪ ಹೇಳಿಲ್ಲ ಅಂತ ನಿಮ್ಮ ಬಾಯಿಂದ ಕೇಳ್ಬೇಕಂತೆ. ನಮ್ಮ ಕಡೆಯೋರೂ ನಾಲ್ಕು ಜನ ಬರ್ತಾರೆ. ಶನಿವಾರ."

"ಹೇಳ್ತೀನಿ."

ಅವಳು ಫೋಟೋವನ್ನು ಲಕೋಟೆಯೊಳಗೆ ಹಾಕಿದಳು. ಥ್ಯಾಂಕ್ಸ್ ಹೇಳಲಿಲ್ಲ. ತಾನು ಅದಕ್ಕಾಗಿ ಕಾದು ನಿಂತಿದ್ದೆನೆಂದು ಡುವೇನನಿಗೆ ಬಾಗಿಲು ದಾಟಿದ ಮೇಲೆ ತಿಳಿಯಿತು.

ಮಧ್ಯಾಹ್ನ ಲಾವಾನ್ ಟ್ರೇಲರಿನ ಮುಂದಿನ ಮೇಜಿನ ಮೇಲೆ ಆಲೂಗಡ್ಡೆ ಸಲಾಡ್, ಸುಟ್ಟ ಸಾಸೇಜು ಇಟ್ಟಳು. ಬಯಲು ರಂಗದ ಕಡೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಮೂವತ್ತರ ದಶಕದಲ್ಲಿ ಕೆಲಸವಿಲ್ಲದ ಹುಡುಗರನ್ನು ಸೇರಿಸಿ ಸರ್ಕಾರ ಕಟ್ಟಿಸಿದ ಕಲ್ಲಿನ ಮೆಟ್ಟಿಲುಗಳ ರಂಗ ಅದು. ಇವತ್ತು ಅದಕ್ಕೆ ಹೊಸ ಹೆಸರಿಡುತ್ತಾರೆ. ಹೆಸರಿನ ಹಲಗೆಯನ್ನು ನೀಲಿ ಟಾರ್ಪಾಲಿನಿಂದ ಮುಚ್ಚಿಟ್ಟಿದ್ದರೂ ಏನು ಬರೆದಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಡುವೇನನಿಗೂ. ಅವನ ಹಳೆಯ ಶಿಷ್ಯನೊಬ್ಬನೇ ಅಕ್ಷರ ಕೊರೆದದ್ದು. ಯಾವ ಮರ ಒಳ್ಳೆಯದು ಎಂದು ಅವನನ್ನೇ ಕೇಳಿದ್ದ.

"ಇವತ್ತು ಹೇಳ್ಬಿಡ್ತೀನಿ" ಎಂದ ಡುವೇನ್.

ಲಾವಾನ್ ಸಾಸಿವೆ ಬಾಟಲಿಯನ್ನು ತಲೆಕೆಳಗು ಮಾಡಿ ತಟ್ಟಿದಳು. "ಐವತ್ತೈದು ವರ್ಷ ಮುಚ್ಕೊಂಡಿದ್ದ ಬಾಯಿ. ಹಲಗೆ ಹೊಡೆಯೋ ದಿನವೇ ತುರಿಸ್ತಾ?"

"ಮಾತು ಕೊಟ್ಟಿದೀನಿ."

"ನಂಗೂ ಕೊಟ್ಟಿದ್ದೆ. ಅಡುಗೆಮನೆ ಕಪಾಟು ಮಾಡ್ಕೊಡ್ತೀನಿ ಅಂತ, ಎಂಬತ್ತನೇ ಇಸವೀಲಿ."

"ಲಾವಾನ್."

"ಏನು ಲಾವಾನ್? ಬಟಾಣಿ ಡಬ್ಬಿ ಹೆಸರು ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಡಬ್ಬಿ ತೆಗೀತಿದ್ದೋಳು ನಾನು. ಗೊತ್ತಿದ್ದೂ ಹಿಂದಿನ ಸಾಲಲ್ಲಿ ಕೂತು ಅತ್ತಿದೀನಿ, ಮದುವೆನೂ ಆಗಿದೀನಿ." ಸ್ವಲ್ಪ ಹೊತ್ತು ತಿಂದಳು. "ಹೇಳೋದಾದ್ರೆ ಹೇಳು. ಆದ್ರೆ ಆ ಹೆಂಗಸಿಗೋಸ್ಕರ ಹೇಳು. ನಿನಗೋಸ್ಕರ ಹೇಳ್ಬೇಡ. ನೀನು ಏನು ಹೇಳೋಕೆ ನಿಂತ್ರೂ ಎದುರಿಗಿರೋರ ಮುಖ ನೋಡಿ ಹೇಳ್ತೀಯ. ನಿನ್ನ ಕಾಯಿಲೆ ಅದು."

ಊಟವಾದ ಮೇಲೆ ಡುವೇನ್ ಹೊಸದಾಗಿ ಬಂದವರಿಗೆ ಜಾಗ ತೋರಿಸಿದ. ಹದಿನೆಂಟರವರ ಟ್ರೇಲರ್ ಹಿಮ್ಮುಖ ಹೋಗಲಾರದೆ ಅಡ್ಡ ನಿಂತಾಗ ಕೈಸನ್ನೆ ಮಾಡಿ ನಿಲ್ಲಿಸಿಕೊಟ್ಟ. ನಾಯಿಯನ್ನು ಬಿಟ್ಟವರಿಗೆ ಕಟ್ಟಿ ಎಂದ. ಪ್ರತಿಯೊಬ್ಬರೂ, ಸಂಜೆ ಬರ್ತೀವಿ, ಮಿಸ್ ಮಾಡ್ತೀವಾ, ಎಂದರು. ಅವರ ಮುಖಗಳಲ್ಲಿ ಅವನಿಗಾಗಿಯೇ ಇಟ್ಟುಕೊಂಡ ಒಂದು ನಗೆ ಇತ್ತು. ಹೈಸ್ಕೂಲಿನ ಮೂವತ್ತೆರಡು ವರ್ಷದಲ್ಲಿ ಯಾವ ಮುಖವೂ ಅವನಿಗೆ ಅಂಥ ನಗೆ ಕೊಟ್ಟಿರಲಿಲ್ಲ. ಅಲ್ಲಿ ಅವನು ಬೆರಳು ಕೊಯ್ದುಕೊಳ್ಳಬೇಡಿ ಎಂದು ಗದರಿಸುವ ಮೇಷ್ಟರು. ಶನಿವಾರ ಸಂಜೆಯ ಇಪ್ಪತ್ತು ನಿಮಿಷವನ್ನು ಕಳೆದರೆ ತನ್ನಲ್ಲಿ ಉಳಿಯುವುದೇನು ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಶೌಚಾಲಯಗಳಿಗೆ ಕಾಗದದ ಸುರುಳಿ ಇಡಲು ಹೋದ. ಹೇಳಬೇಕಾದ ಮಾತನ್ನು ಅಲ್ಲಿಯೇ ಸಿದ್ಧಮಾಡಿಕೊಂಡ. ಮೂರು ವಾಕ್ಯ. ಆ ಕತೆ ಆಮೋಸ್ ಸ್ವಾನ್ ಹೇಳಿದ್ದಲ್ಲ. ನಾನು ಕಟ್ಟಿದ್ದು. ಅವರು ಅಲ್ಲ ಅಂದಾಗಲೂ ನಾನು ಬಿಡಲಿಲ್ಲ. ಆಮೋಸ್ ನಿಜವಾಗಿ ಹೇಳಿದ ವಾಕ್ಯವನ್ನು ಎತ್ತಬಾರದು ಎಂದೂ ತೀರ್ಮಾನಿಸಿದ. ಅದನ್ನು ಹೇಳಿದರೆ ಜನ ನಗುತ್ತಾರೆ.

ಏಳೂವರೆಗೆ ಕಲ್ಲುಮೆಟ್ಟಿಲು ತುಂಬಿ, ಹಿಂದೆ ಮಡಚುಕುರ್ಚಿಗಳನ್ನೂ ಹಾಕಿಕೊಂಡಿದ್ದರು. ಸೊಳ್ಳೆ ಔಷಧದ ವಾಸನೆ, ಸುಟ್ಟ ಮಾರ್ಷ್‌ಮೆಲ್ಲೋ ಮಿಠಾಯಿಯ ವಾಸನೆ. ಮ್ಯಾನೇಜರ್ ಬ್ರೆಂಟ್ ಮೈಕು ಹಿಡಿದು ಏನೇನೋ ಹೇಳಿ ಟಾರ್ಪಾಲು ಎಳೆದ. 'ಡುವೇನ್ ಹಾಲ್ವರ್ಸನ್ ಬಯಲು ರಂಗ'. ಅಕ್ಷರಗಳ ಕೆಳಗೆ ಬಂಡೆಯಂಚಿನಲ್ಲಿ ಕೂದಲು ಬಿಟ್ಟುಕೊಂಡು ನಿಂತ ಹುಡುಗಿ. ಹಲಗೆ ವಾಲ್ನಟ್ ಮರದ್ದು, ಅವನು ಹೇಳಿದ್ದೇ. ಮುಂದಿನ ಸಾಲಿನ ತುದಿಯಲ್ಲಿ ಗಾಲಿಕುರ್ಚಿ. ಅದರಲ್ಲಿ ನೇರಳೆ ಬಣ್ಣದ ತೆಳು ಕೋಟು, ಬಿಳಿ ಬೂಟು ತೊಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡ ಮುದುಕಿ. ಆಮೋಸನ ಹಣೆ, ಆಮೋಸನ ಕೆಳತುಟಿ. ಪಕ್ಕದಲ್ಲಿ ಸಮವಸ್ತ್ರದ ಕೆಂಡ್ರಾ. ಹಿಂದೆ ವಯಸ್ಸಾದ ನಾಲ್ವರು, ಕೈಕಟ್ಟಿ ಕೂತವರು. ಗೌರವವೆಂದು ಬ್ರೆಂಟ್ ತಾನೇ ಅವರನ್ನು ಮುಂದೆ ಕೂರಿಸಿದ್ದ. "ಆಮೋಸ್ ಸ್ವಾನ್ ಅವರ ಮಗಳೂ ಇವತ್ತು ನಮ್ಮ ಜೊತೆ ಇದಾರೆ!" ಎಂದಾಗ ಜೋರು ಚಪ್ಪಾಳೆ ಬಿತ್ತು. ಅಲ್ವೀನಾ ಅದು ಯಾರಿಗೋ ಎಂಬಂತೆ ಕೂತಿದ್ದಳು.

ಡುವೇನ್ ಬೆಂಕಿಯ ಪಕ್ಕ ನಿಂತ. ಟೋಪಿ ತೆಗೆದ. "ಇವತ್ತು ಒಂದು ಮಾತು ಹೇಳ್ಬೇಕು" ಎಂದ. "ಈ ಕತೆ ಆಮೋಸ್ ಸ್ವಾನ್ ಹೇಳಿದ್ದಲ್ಲ. ನಾನು ಕಟ್ಟಿದ್ದು."

ಯಾರೋ ತೋಳಿನ ಮೇಲಿನ ಸೊಳ್ಳೆ ಹೊಡೆದುಕೊಂಡ ಸದ್ದು ಕೇಳಿತು. ಅದೊಂದೇ ಸದ್ದು. ಮೂರನೇ ಸಾಲಿನ ಇಲಿನಾಯ್‌ನವನು, ಹದಿನೇಳು ವರ್ಷದಿಂದ ತಪ್ಪದೆ ಬರುವವನು, ನಗುವನ್ನು ಹಾಗೇ ಇಟ್ಟುಕೊಂಡು ಕಣ್ಣು ಮಾತ್ರ ಕಿರಿದು ಮಾಡಿದ. ಒಬ್ಬ ತಾಯಿ ಮಗುವನ್ನು ಹತ್ತಿರ ಎಳೆದುಕೊಂಡಳು. ಲಾವಾನ್ ತನ್ನ ಮಂಡಿ ನೋಡುತ್ತಿದ್ದಳು. ಬ್ರೆಂಟ್ ಹಲಗೆಯ ಕಡೆ ಒಮ್ಮೆ ನೋಡಿ ತಕ್ಷಣ ನೋಟ ಹೊರಳಿಸಿದ. ಎರಡು ವಾಕ್ಯ ಆಗಿತ್ತು, ಮೂರನೆಯದು ಬಾಕಿ. ಡುವೇನ್ ಅದನ್ನು ಹುಡುಕಿದ. ಇತ್ತು, ನಾಲಿಗೆಯ ಹಿಂದೆಯೇ ಇತ್ತು. ಆದರೆ ಐವತ್ತೈದು ವರ್ಷದಲ್ಲಿ ಮೊದಲ ಸಲ ಈ ಮೆಟ್ಟಿಲುಗಳು ಅವನಿಂದ ದೂರ ಸರಿಯುತ್ತಿದ್ದವು. ಅವು ಸರಿಯುವುದನ್ನು ಅವನು ಮುಖ ಮುಖವಾಗಿ ನೋಡುತ್ತಿದ್ದ. ಆಗ ಹಿಂದಿನಿಂದ ಒಬ್ಬ ಕೇಳಿದ: "ಹಾಗಾದ್ರೆ ಅವರು ಹೇಳಿದ್ದೇನು?"

ಬೇರೇನಾದರೂ ಹೇಳಬಹುದಿತ್ತು. ಏನೂ ಹೇಳಲಿಲ್ಲ ಅನ್ನಬಹುದಿತ್ತು. "ಆ ಬಂಡೆಯಿಂದ..." ಎಂದು ಶುರುಮಾಡಿ, ಸರೋವರದ ಆಚೆಗೆ ಕೈ ನೀಡಿ, ನಿಲ್ಲಿಸಿದ. ಹುಡುಗಿ ಅಂಚಿಗೆ ಬರುವ ಜಾಗದಲ್ಲಿ ಪ್ರತಿ ಶನಿವಾರ ಎಷ್ಟು ಹೊತ್ತು ನಿಲ್ಲಿಸುತ್ತಿದ್ದನೋ ಅಷ್ಟೇ ಹೊತ್ತು. "...ಒಂದು ಸಲ ಒಂದು ಹಸು ಬಿದ್ದಿತ್ತು ಅಂದ್ರು."

ನಗು ಮೆಟ್ಟಿಲ ಮೇಲಿಂದ ಕೆಳಕ್ಕೆ ಉರುಳಿಕೊಂಡು ಬಂತು. ಇಲಿನಾಯ್‌ನವನು ತೊಡೆ ಬಡಿದುಕೊಂಡ. ನಗು ಕೇಳಿದ್ದೇ ಡುವೇನನ ಬಾಯಿ ಮುಂದುವರಿಯಿತು: "ಹಸೂನ ಹುಡುಗಿ ಮಾಡೋಕೆ ನಂಗೆ ಎರಡು ಗಂಟೆ ಹಿಡೀತು!" ಇನ್ನಷ್ಟು ನಗು. ಬ್ರೆಂಟ್ ಮೈಕು ಕಸಿದು, "ನೋಡಿದ್ರಾ! ಇಷ್ಟು ವರ್ಷ ಆದ್ಮೇಲೂ ನಮ್ಮನ್ನ ಹೇಗೆ ಆಟ ಆಡಿಸ್ತಾರೆ ಈ ಮನುಷ್ಯ!" ಎಂದ, ಅವನ ದನಿಯಲ್ಲಿ ಬದುಕಿಕೊಂಡೆ ಎಂಬ ಖುಷಿ. ಮಿಲ್ವಾಕಿಯ ತಾಯಿ ನಾಲ್ಕು ವರ್ಷದ ಮಗಳನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದಳು. "ಡುವೇನ್, ತಮಾಷೆ ಸಾಕು, ನಿಜವಾದ ಕತೆ ಹೇಳಿ. ವಿನೋರಾ ಬೆಳಗಿಂದ ಕಾಯ್ತಿದಾಳೆ."

ಅವನು ಕೆಂಡ್ರಾಳ ಕಡೆ ನೋಡಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ. ಅಜ್ಜಿಯ ಮಂಡಿಯ ಮೇಲಿನ ಹೊದಿಕೆ ಸರಿಪಡಿಸುತ್ತಿದ್ದಳು. ಹಿಂದಿನ ನಾಲ್ವರಲ್ಲಿ ಒಬ್ಬ ಎದ್ದುನಿಂತ, ಉಳಿದವರೂ ಎದ್ದು ಹೊರಟರು. ಅಲ್ವೀನಾ ಏಳುವಂತಿರಲಿಲ್ಲ, ಗಾಲಿಕುರ್ಚಿ ಇಳಿಯುವ ದಾರಿ ಬೆಂಕಿಯ ಮುಂದೆಯೇ ಹಾದುಹೋಗುತ್ತಿತ್ತು, ಅಲ್ಲಿ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮೂರನೇ ವಾಕ್ಯವನ್ನು ಈಗಲೂ ಹೇಳಬಹುದು ಎಂದುಕೊಂಡ ಡುವೇನ್. ಹಾಗೆಂದುಕೊಳ್ಳುತ್ತಿರುವಾಗಲೇ ತನ್ನ ದನಿ ಕೇಳಿಸಿತು, ತಗ್ಗಿದ, ಹದವಾದ, ಪ್ರತಿ ಶನಿವಾರದ ದನಿ: ಬಹಳ ವರ್ಷದ ಹಿಂದೆ, ಈ ನೀರಿಗೆ ಹೆಸರೇ ಇಲ್ಲದ ಕಾಲದಲ್ಲಿ. ಆ ರಾತ್ರಿ ಅವನು ಆಮೋಸನ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ. ಕತೆಯುದ್ದಕ್ಕೂ ಅದನ್ನು ಜಾಗರೂಕತೆಯಿಂದ ತಪ್ಪಿಸಿದ. ಕೊಟ್ಟ ಮಾತನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡೆ ಎಂದು ಒಳಗೊಳಗೇ ಗುರುತುಹಾಕಿಕೊಂಡ. ಹುಡುಗಿ ಹಾರಿದಳು. ಹಿಂದಿನ ಸಾಲಿನಲ್ಲಿ ಮೂಗು ಸೀಟಿದ ಸದ್ದು ಕೇಳಿತು.

ಚಪ್ಪಾಳೆ, ಫೋಟೋ, ಹೆಗಲ ಮೇಲೆ ಬಡಿಯುವ ಕೈಗಳು ಎಲ್ಲ ಮುಗಿದು ಜನ ಟಾರ್ಚ್ ಬೀಸುತ್ತ ಚದುರಿದಾಗ ಗಾಲಿಕುರ್ಚಿ ಅಲ್ಲೇ ಇತ್ತು. ಕೆಂಡ್ರಾ ವ್ಯಾನು ತರಲು ಹೋಗಿದ್ದಳು. ಮುದುಕಿ ಎರಡು ಬೆರಳಿನಿಂದ ಅವನನ್ನು ಕರೆದಳು. ಬಯ್ಗುಳಕ್ಕೆ ಸಿದ್ಧನಾಗಿ ಹೋದ. ಬಯ್ದರೆ ಹಗುರವಾದೀತೆಂಬ ಆಸೆಯೂ ಇತ್ತು.

"ಅದು ನಮ್ಮ ಹಸು" ಎಂದಳು ಅಲ್ವೀನಾ.

ಅವನು ಬಗ್ಗಿದ, ಸರಿಯಾಗಿ ಕೇಳಿಸಿರಲಾರದು ಎಂದು.

"ಕಂದು ಹಸು. ನಲವತ್ತಾರನೇ ಇಸವಿ. ನಂಗೆ ಎಂಟು ವರ್ಷ. ಅಂಚಿನ ತನಕ ಹೊಡ್ಕೊಂಡು ಹೋಗ್ಬೇಡ ಅಂದಿದ್ರು, ಹುಲ್ಲು ಚೆನ್ನಾಗಿದೆ ಅಂತ ನಾನು ಹೋದೆ. ಹಗ್ಗ ನನ್ನ ಕೈಲಿತ್ತು." ಕೈಚೀಲದ ಬಾಯನ್ನು ತೆರೆದು ಮುಚ್ಚಿದಳು. "ಮನೇಲಿ ಎಳೇ ತಮ್ಮ ಇದ್ದ. ಆ ಚಳಿಗಾಲ ಹಾಲಿರಲಿಲ್ಲ." ತಮ್ಮನಿಗೆ ಏನಾಯಿತು ಎಂದು ಹೇಳಲಿಲ್ಲ. "ಅಪ್ಪ ಸಾಯೋ ತನಕ ಆ ಮಾತನ್ನ ಯಾರ ಮುಂದೂ ಎತ್ತಿಲ್ಲ. ನನ್ನ ಮುಂದೂ ಎತ್ತಿಲ್ಲ. ನಿನ್ನ ಮುಂದೆ ಎತ್ತಿದ್ರು ಅಂತ ಇವತ್ತು ಗೊತ್ತಾಯ್ತು." ಅವಳು ಮುಖವೆತ್ತಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಎಂಟು ವರ್ಷದ ಮಗುವಿನ ಭಯವಿತ್ತು. "ಹಗ್ಗ ನನ್ನ ಕೈಲಿತ್ತು ಅಂತ ಹೇಳಿದ್ರಾ?"

"ಇಲ್ಲ."

"ಮತ್ತೇನು ಹೇಳಿದ್ರು?"

"ನಾನು ಕೇಳಲಿಲ್ಲ" ಎಂದ ಡುವೇನ್.

"ಹ್ಞೂಂ" ಎಂದಳು. ಆಮೇಲೆ, ಆಪಾದನೆಯಿಲ್ಲದೆ, ಸುಮ್ಮನೆ ಆದದ್ದನ್ನು ಹೇಳುವಂತೆ: "ಎಷ್ಟು ನಕ್ಕರು ಎಲ್ಲ."

ವ್ಯಾನು ಬಂತು. ಎತ್ತಲು ಕೈ ಹಾಕಿದ ಡುವೇನನಿಗೆ ಕೆಂಡ್ರಾ "ಬೇಡ" ಎಂದಳು. ಕುರ್ಚಿಯನ್ನು ಮಡಚಿ ಒಳಗಿಟ್ಟಳು. ನಾಳೆ ಬೆಳಗ್ಗೆ ಎಂಟಕ್ಕೆ ಅವಳು ಕೆಲಸಕ್ಕೆ ಬರಬೇಕು, ಅವನೂ ಇರುತ್ತಾನೆ.

ಡುವೇನ್ ಲಾವಾನ್‌ಳ ಟಾರ್ಚಿನ ಬೆಳಕಿನಲ್ಲಿ ನಡೆದ. "ಆಯಮ್ಮ ಏನಂದ್ರು?" ಎಂದು ಅವಳು ಕೇಳಿದಳು. "ಏನಿಲ್ಲ" ಎಂದ. ಏನಿಲ್ಲ ಎನ್ನುವಾಗ ಅವನ ಮನಸ್ಸು ಅಲ್ಲಿರಲಿಲ್ಲ. ಎಂಟು ವರ್ಷದ ಹುಡುಗಿ, ಕೈಯಲ್ಲಿ ಹಗ್ಗ. ಹಗ್ಗದಿಂದ ಶುರುಮಾಡಬೇಕೋ, ಹಾಲಿಲ್ಲದ ಚಳಿಗಾಲದಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕೋ? ತಮ್ಮನಿಗೊಂದು ಹೆಸರು ಬೇಕು. ತಂದೆ ಒಂದು ಮಾತೂ ಆಡದೆ ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕುವಲ್ಲಿ ನಿಲ್ಲಿಸಬೇಕು, ಜನ ಉಸಿರು ಹಿಡಿಯುವ ತನಕ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಗೊತ್ತಾದ ಮಾತ್ರಕ್ಕೆ ಅದು ನಿಲ್ಲಲಿಲ್ಲ. ಹಸು ಕಂದು ಎಂದಿದ್ದಳು. ಆದರೆ ಹೊತ್ತು ಮುಳುಗಿದ ಮೇಲೆ, ಅಷ್ಟು ದೂರದಿಂದ, ಬೀಳುವುದು ಕಾಣಬೇಕಲ್ಲ. ಟ್ರೇಲರಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಬಿಳಿಯದಾಗಿತ್ತು.